ಮಂಗಳದ ಸೂಕ್ಷ್ಮಜೀವಿ ನಮಗೆ ಏನಾಗಬೇಕು?

2024ರ ಜುಲೈನಲ್ಲಿ ನಾಸಾದ ಪರ್ಸಿವರೆನ್ಸ್ ರೋವರ್ ಮಂಗಳದ ಒಣ ನದೀಪಾತ್ರವೊಂದರಲ್ಲಿ, ಮೀಟರ್ ಉದ್ದದ ಕೆಂಪು ಕಲ್ಲಿನ ಮುಂದೆ ನಿಂತಿತು. ಕಲ್ಲಿನ ಮೈಮೇಲೆ ಮಿಲಿಮೀಟರ್ ಗಾತ್ರದ ಬಿಳಿಚಿದ ಮಚ್ಚೆಗಳು, ಸುತ್ತ ಕಪ್ಪು ಅಂಚು. ವಿಜ್ಞಾನಿಗಳು ಅವನ್ನು ಚಿರತೆ ಮಚ್ಚೆ ಎಂದೇ ಕರೆದರು. ಕಬ್ಬಿಣ-ರಂಜಕದ ವಿವಿಯನೈಟ್, ಕಬ್ಬಿಣ-ಗಂಧಕದ ಗ್ರೆಗೈಟ್ ಎಂಬ ಖನಿಜಗಳ ಲಕ್ಷಣ ಅಲ್ಲಿ ಕಂಡಿತು, ಜೊತೆಗೆ ಸಾವಯವ ಇಂಗಾಲವೂ ಇತ್ತು. ನಮ್ಮ ಕೆರೆ-ಕೊಳಗಳ ತಳದ ಕೆಸರಿನಲ್ಲೂ ಆಮ್ಲಜನಕ ಸಿಗದ ಸೂಕ್ಷ್ಮಜೀವಿಗಳಿರುತ್ತವೆ. ಅವು ಕೊಳೆತದ್ದನ್ನು ತಿಂದು, ಉಸಿರಾಟಕ್ಕೆ ಕಬ್ಬಿಣದ ತುಕ್ಕನ್ನೋ ಸಲ್ಫೇಟನ್ನೋ ಬಳಸಿಕೊಳ್ಳುತ್ತವೆ. ಆ ಊಟದ ಎಂಜಲೆಂದರೆ ಇಂಥ ಖನಿಜಗಳೇ.

ಹಾಗಾದರೆ ಜೀವ ಸಿಕ್ಕಿತೇ? 2025ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರ ಪ್ರಕಟವಾದಾಗ ಸಂಶೋಧಕರು ಹೇಳಿದ್ದು ‘ಸಂಭಾವ್ಯ ಜೀವಕುರುಹು’ ಎಂದಷ್ಟೇ. ಜೀವದ ನೆರವಿಲ್ಲದ ರಾಸಾಯನಿಕ ಕ್ರಿಯೆಗಳಿಂದಲೂ ಈ ಖನಿಜಗಳು ಹುಟ್ಟಬಲ್ಲವು. ಈ ಎಚ್ಚರಿಕೆಗೆ ಕಾರಣವೂ ಇದೆ. ಅಂಟಾರ್ಕ್ಟಿಕಾದಲ್ಲಿ ಸಿಕ್ಕಿದ್ದ, ಎರಡು ಕಿಲೋಗೂ ಕಡಿಮೆ ತೂಕದ ಮಂಗಳದ ಉಲ್ಕಾಶಿಲೆಯಲ್ಲಿ ಪಳೆಯುಳಿಕೆಯ ಕುರುಹಿದೆ ಎಂದು 1996ರಲ್ಲಿ ಪ್ರಕಟವಾದಾಗ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಶ್ವೇತಭವನದ ಅಂಗಳದಲ್ಲಿ ನಿಂತು ಭಾಷಣ ಮಾಡಿದ್ದರು. ಆಮೇಲೆ ಒಂದೊಂದೇ ಸಾಕ್ಷ್ಯಕ್ಕೆ ಜೀವವಿಲ್ಲದ ವಿವರಣೆಗಳು ದೊರೆತವು. ಇಂದು ಆ ವಾದವನ್ನು ಒಪ್ಪುವವರು ವಿರಳ.

ಆದರೂ ಆ ಉಲ್ಕಾಶಿಲೆ ಒಂದು ಸಂಗತಿಯನ್ನು ಸಂಶಯಕ್ಕೆಡೆಯಿಲ್ಲದೆ ತೋರಿಸಿಕೊಟ್ಟಿತು. ಮಂಗಳದ ಕಲ್ಲು ಸಿಡಿದು ಭೂಮಿಗೆ ಬಂದು ಬೀಳುತ್ತದೆ. ಕಲ್ಲು ಬರುವುದಾದರೆ, ಅದರ ಬಿರುಕಿನಲ್ಲಿ ಅಡಗಿ ಜೀವಿಯೂ ಬಂದಿರಬಹುದಲ್ಲ? ಆದ್ದರಿಂದ ಮಂಗಳದಲ್ಲಿ ಜೀವ ಸಿಕ್ಕರೂ ಅದು ನಮಗೆ ನೆಂಟನೋ ಪರಕೀಯನೋ ಎಂಬ ಪ್ರಶ್ನೆ ಉಳಿಯುತ್ತದೆ. ನೆಂಟನಾದರೆ ಜೀವ ಒಂದೇ ಕಡೆ ಹುಟ್ಟಿ ನೆರೆಮನೆಗೆ ಹಬ್ಬಿತೆಂದು ಲೆಕ್ಕ. ಸಂಬಂಧವೇ ಇಲ್ಲದಿದ್ದರೆ ಒಂದೇ ಸೌರಮಂಡಲದಲ್ಲಿ ಜೀವ ಎರಡು ಸಲ ಹುಟ್ಟಿದೆ; ಅಂದಮೇಲೆ ಬ್ರಹ್ಮಾಂಡದಲ್ಲಿ ಅದು ಅಪರೂಪದ ವಸ್ತುವೇ ಅಲ್ಲ. ಇದನ್ನು ಪರೀಕ್ಷಿಸುವ ದಾರಿಯೂ ಉಂಟು. ಅಮೈನೋ ಆಮ್ಲಗಳಿಗೆ ಎಡಗೈ-ಬಲಗೈಗಳಂತೆ ಎರಡು ರೂಪ. ಭೂಮಿಯ ಜೀವಿಗಳು ಪ್ರೋಟೀನ್ ಕಟ್ಟುವುದು ಎಡಗೈ ರೂಪದಿಂದ. ಮಂಗಳದ ಜೀವಿ ಬಲಗೈಯದಾಗಿದ್ದರೆ ಅದರ ಹುಟ್ಟು ಬೇರೆಯೇ ಎನ್ನಬಹುದು. ಅದೂ ಎಡಗೈಯದಾದರೆ ಅಷ್ಟರಿಂದಲೇ ತೀರ್ಪು ಹೇಳಲಾಗದು, ಬೇರೆ ಪುರಾವೆ ಹುಡುಕಬೇಕು.

ಇಂಥ ಸುದ್ದಿ ಬಂದರೆ ಧರ್ಮಗಳು ತತ್ತರಿಸುತ್ತವೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಸಂಖ್ಯ ಲೋಕಗಳಿವೆ ಎಂದ ಜೋರ್ಡಾನೊ ಬ್ರೂನೊನನ್ನು 1600ರಲ್ಲಿ ರೋಮಿನಲ್ಲಿ ಜೀವಂತ ಸುಟ್ಟರು, ನಿಜ. ಅವನ ಮೇಲಿದ್ದ ಹಲವು ಆರೋಪಗಳಲ್ಲಿ ಅದೂ ಒಂದು. ಅದೇ ರೋಮಿನ ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥ, ಪಾದ್ರಿ ಹೋಸೆ ಫ್ಯೂನೆಸ್ 2008ರಲ್ಲಿ ಅನ್ಯಗ್ರಹ ಜೀವಿಯನ್ನು ಸಹೋದರನೆಂದು ಕಾಣಬಹುದು ಎಂದರು. ನಮ್ಮಲ್ಲಂತೂ ಹದಿನಾಲ್ಕು ಲೋಕಗಳ ಮಾತು ಹಳೆಯದು. ‘ಇದೆಲ್ಲ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎಂಬ ವಾಟ್ಸಾಪ್ ಸಂದೇಶ ಅಂದು ಸಂಜೆಯೊಳಗೆ ಬಂದೇ ಬರುತ್ತದೆ.

ನನ್ನನ್ನು ಕಾಡುವುದು ಧರ್ಮಸಂಕಟವಲ್ಲ, ನೀತಿಯ ಪ್ರಶ್ನೆ. ಕಣ್ಣಿಗೆ ಕಾಣದ ಆ ಜೀವಿಗೆ ನಾವು ಏನು ಕೊಡಬೇಕು? ಇಲ್ಲಿ ಜೈನರ ವಿಚಾರ ತೂಕದ್ದು. ಒಂದೇ ಇಂದ್ರಿಯವುಳ್ಳ, ಕಣ್ಣಿಗೆ ಬೀಳದ ನಿಗೋದವೂ ಅವರಿಗೆ ಜೀವವೇ, ಅದರ ಹಿಂಸೆಯೂ ಹಿಂಸೆಯೇ. ಇಷ್ಟು ಸೂಕ್ಷ್ಮವಾಗಿ ಅಲ್ಲದಿದ್ದರೂ ಬಾಹ್ಯಾಕಾಶ ಸಂಸ್ಥೆಗಳು ಎಚ್ಚರ ವಹಿಸಿವೆ. 1976ರಲ್ಲಿ ಮಂಗಳಕ್ಕಿಳಿದ ವೈಕಿಂಗ್ ನೌಕೆಗಳನ್ನು ಹಾರಿಸುವ ಮೊದಲು ನೂರು ಡಿಗ್ರಿಗೂ ಮೀರಿದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿದ್ದರು. 2017ರಲ್ಲಿ ಇಂಧನ ಮುಗಿಯುತ್ತ ಬಂದ ಕ್ಯಾಸಿನಿಯನ್ನು ಶನಿಯೊಳಕ್ಕೆ ಬೀಳಿಸಿ ಸುಟ್ಟರು. ಅದು ಎನ್ಸೆಲಡಸ್ ಅಥವಾ ಟೈಟನ್‌ಗೆ ಡಿಕ್ಕಿ ಹೊಡೆದು ಭೂಮಿಯ ಸೂಕ್ಷ್ಮಾಣುಗಳನ್ನು ಅಲ್ಲಿ ಬಿತ್ತಬಾರದು ಎಂಬುದೇ ಉದ್ದೇಶ.

ಆದರೆ ಯಂತ್ರವನ್ನು ಬೇಯಿಸಬಹುದು, ಮನುಷ್ಯನನ್ನಲ್ಲ. ಕರುಳಲ್ಲಿ, ಚರ್ಮದಲ್ಲಿ ಕೋಟ್ಯನುಕೋಟಿ ಬ್ಯಾಕ್ಟೀರಿಯಾ ಹೊತ್ತು ಗಗನಯಾತ್ರಿಗಳು ಮಂಗಳದಲ್ಲಿ ಇಳಿದ ದಿನದಿಂದ, ಅಲ್ಲಿ ಸಿಕ್ಕಿದ್ದು ಅಲ್ಲಿಯದೋ ನಾವು ಒಯ್ದದ್ದೋ ಎಂದು ಹೇಳುವುದು ಕಷ್ಟವಾಗುತ್ತದೆ. ಆದ್ದರಿಂದ ಜೀವದ ಹುಡುಕಾಟ ಮೊದಲು ಮುಗಿಯಲಿ, ವಲಸೆ ಆಮೇಲೆ. ಸದ್ಯಕ್ಕೆ ಇಂಥ ಮಾಲಿನ್ಯದ ಬಗ್ಗೆ ಹೇಳುವ ಮುಖ್ಯ ಕಾನೂನು 1967ರ ಬಾಹ್ಯಾಕಾಶ ಒಪ್ಪಂದದ ಒಂಬತ್ತನೆಯ ವಿಧಿ. ಭಾರತವೂ ಅದಕ್ಕೆ ಬದ್ಧ. ಅನ್ಯ ಕಾಯಗಳನ್ನು ಹಾನಿಕರವಾಗಿ ಮಲಿನಗೊಳಿಸಬಾರದು ಎನ್ನುತ್ತದೆ ಅದು. ಅಲ್ಲಿರಬಹುದಾದ ಜೀವಿಗೆ ತನ್ನದೇ ಹಕ್ಕಿದೆ ಎನ್ನುವ ಒಂದು ಸಾಲೂ ಅದರಲ್ಲಿಲ್ಲ.