ಸಾಲ ತೀರಿದರೂ ಸಿಬಿಲ್‌ನಲ್ಲಿ ತೀರದ ಬಾಕಿ

ಬೆಳೆಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಈಗ ಪಹಣಿಗಿಂತ ಮೊದಲು ನೋಡುವುದು ಸಿಬಿಲ್. ನಮ್ಮ ಅರಸೀಕೆರೆ ಸೀಮೆಯಲ್ಲಿ ಎಷ್ಟೋ ಜನ ಅದನ್ನು ‘ಸಿವಿಲ್’ ಅನ್ನುತ್ತಾರೆ. "ನಿನ್ ಸಿವಿಲ್ ಸರಿಯಿಲ್ಲ ಹೋಗಯ್ಯ ಅಂದ್ರು" ಎಂದು ವಾಪಸಾದವರು ಮಾಲೇಕಲ್ಲು ಸುತ್ತಿನ ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಏನು ಸರಿಯಿಲ್ಲ, ಯಾವ ಸಾಲದ್ದು, ಯಾವ ವರ್ಷದ್ದು ಎಂದು ಕೇಳಿಕೊಂಡು ಬಂದವರು ಮಾತ್ರ ಕಡಿಮೆ.

ಹೀಗೆ ವಾಪಸಾದವನು ಹೋಗುವುದು ಕೈಸಾಲಕ್ಕೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಹಿಡಿದರೂ ಒಂದು ಲಕ್ಷಕ್ಕೆ ವರ್ಷಕ್ಕೆ 36,000 ರೂಪಾಯಿ ಆಯ್ತು. ಅದೇ ಲಕ್ಷ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಸಿಕ್ಕಿ, ಗಡುವಿನೊಳಗೆ ಕಟ್ಟಿದರೆ ಬಡ್ಡಿ ಶೇ 4, ಅಂದರೆ 4,000. ಕಾಗದದ ಮೇಲಿನ ಒಂದು ತಪ್ಪು ಸಾಲಿಗೆ 32,000 ರೂಪಾಯಿ ದಂಡ!

ಸಿಬಿಲ್ ಸರ್ಕಾರಿ ಕಛೇರಿಯಲ್ಲ. 2000ದಲ್ಲಿ ಶುರುವಾದ ಕಂಪನಿ. ಇಂಥವು ಈಗ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಕಾಯ್ದೆಯ ಕೆಳಗೆ, ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿ ನಡೆಯುತ್ತವೆ. ಇವು ತಾವಾಗಿ ಏನೂ ಬರೆಯುವುದಿಲ್ಲ. ಬ್ಯಾಂಕು, ಫೈನಾನ್ಸು ಕಳಿಸಿದ್ದನ್ನು ಜೋಡಿಸಿಡುತ್ತವೆ ಅಷ್ಟೆ. ಆದ್ದರಿಂದ ತಪ್ಪು ಹುಟ್ಟುವುದೂ ಹೆಚ್ಚಾಗಿ ಬ್ಯಾಂಕಿನಲ್ಲೇ, ತಿದ್ದಬೇಕಾದ್ದೂ ಅಲ್ಲೇ.

ಮೂರು ಸಾಲು, ಮೂರು ಕಥೆ

ನಮ್ಮ ಕಡೆಯ ತೆಂಗಿನ ಬೆಳೆಗಾರರೊಬ್ಬರ ವರದಿ ನೋಡುವ ಅವಕಾಶ ಸಿಕ್ಕಿತ್ತು. 2016-17ರ ಬರದಲ್ಲಿ ಅರ್ಧ ತೋಟ ಒಣಗಿಸಿಕೊಂಡವರು. ಹನಿ ನೀರಾವರಿಗೆ ಸಾಲ ಕೇಳಿದಾಗ ಬ್ಯಾಂಕು ಆಗುವುದಿಲ್ಲ ಎಂದಿತು. "ದುಡ್ಡೆಲ್ಲ ಚುಕ್ತಾ ಆಗೈತಲ್ಲ ಸ್ವಾಮಿ, ಇನ್ನೇನ್ ಬೇಕಂತೆ ಅವ್ರಿಗೆ?" ಎಂಬುದು ಅವರ ಪ್ರಶ್ನೆ. ವರದಿ ತೆಗೆಸಿದರೆ ಮೂರು ಕೆಟ್ಟ ಸಾಲುಗಳಿದ್ದವು.

ಮೊದಲನೆಯದು ಬೆಳೆಸಾಲ. 2018ರಲ್ಲಿ ರಾಜ್ಯ ಸರ್ಕಾರ ಮನ್ನಾ ಮಾಡಿದಾಗ ಇವರ ಹೆಸರೂ ಪಟ್ಟಿಯಲ್ಲಿತ್ತು, ಸರ್ಕಾರದ ಹಣ ಖಾತೆಗೆ ಬಿದ್ದದ್ದು ಪಾಸ್‌ಬುಕ್ಕಿನಲ್ಲಿತ್ತು. ಆದರೂ ವರದಿಯಲ್ಲಿ ಬಾಕಿ ಹಾಗೇ ನಿಂತಿತ್ತು. ಇದು ಶುದ್ಧ ತಪ್ಪು. ಪಾಸ್‌ಬುಕ್ಕಿನ ಆ ಪುಟದ ನಕಲು ಇಟ್ಟು ಅರ್ಜಿ ಕೊಟ್ಟರು, ಬಾಕಿ ಸೊನ್ನೆಯಾಯಿತು. ಮನ್ನಾಕ್ಕೆ ಮೊದಲು ಎಷ್ಟು ತಿಂಗಳು ಕಟ್ಟಿರಲಿಲ್ಲ ಎಂಬ ಹಳೆಯ ದಾಖಲೆ ಮಾತ್ರ ಉಳಿಯಿತು. ಅದು ನಡೆದ ಸಂಗತಿ, ಅಳಿಸಲು ಬರುವುದಿಲ್ಲ. ಇಂಥ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂದು ನಿಯಮವೇ ಇದೆ.

ಎರಡನೆಯದು ಹಳೆಯ ಬೋರ್‌ವೆಲ್ ಸಾಲ. ಬ್ಯಾಂಕಿನವರೇ ಕರೆದು ಒನ್ ಟೈಮ್ ಸೆಟ್ಲ್‌ಮೆಂಟಿನಲ್ಲಿ ಸ್ವಲ್ಪ ಬಿಟ್ಟು ಮುಗಿಸಿದ್ದರು. ವರದಿಯಲ್ಲಿ ಅದು ‘ಸೆಟ್ಲ್ಡ್’. ನಾವು ಮುಗಿಯಿತು ಎಂದು ಓದುತ್ತೇವೆ. ಮುಂದೆ ಸಾಲ ಕೊಡುವವನು ‘ಪೂರ್ತಿ ಕಟ್ಟಲಿಲ್ಲ’ ಎಂದು ಓದುತ್ತಾನೆ. ‘ಕ್ಲೋಸ್ಡ್’ ಎಂದಿದ್ದರೇ ಸಂಪೂರ್ಣ ತೀರಿದಂತೆ. ‘ರೈಟನ್ ಆಫ್’ ಅಂದರೆ ಬ್ಯಾಂಕು ತನ್ನ ಪುಸ್ತಕದಲ್ಲಿ ವಸೂಲಾಗದ್ದೆಂದು ಬದಿಗಿಟ್ಟದ್ದು. ನಿಮ್ಮ ಸಾಲ ಬಿಟ್ಟುಕೊಟ್ಟರು ಎಂದಲ್ಲ, ವಸೂಲಿಗೆ ಬರುವ ಹಕ್ಕು ಅವರಿಗೆ ಇದ್ದೇ ಇರುತ್ತದೆ. ಸೆಟ್ಲ್‌ಮೆಂಟಿನ ಲೋಕ್ ಅದಾಲತ್ ಭರಾಟೆಯಲ್ಲಿ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ದೂರು. ಬಿಟ್ಟ ಹಣವನ್ನು ಆಮೇಲೆ ಕಟ್ಟಿ ‘ಕ್ಲೋಸ್ಡ್’ ಮಾಡಿಕೊಡಿ ಎಂದು ಬ್ಯಾಂಕನ್ನು ಕೇಳಬಹುದು. ನಮ್ಮವರು ಬಡ್ಡಿ ಬಿಟ್ಟದ್ದು ಎಷ್ಟೆಂದು ಲೆಕ್ಕ ಕೇಳಿ, ಸದ್ಯಕ್ಕೆ ಬೇಡವೆಂದು ಸುಮ್ಮನಾದರು. ಅದೂ ತಪ್ಪೇನಲ್ಲ.

ಮೂರನೆಯದು ಇವರ ಸಾಲವೇ ಅಲ್ಲ. ನೆಂಟರ ಟ್ರ್ಯಾಕ್ಟರಿಗೆ ಹಾಕಿದ ಜಾಮೀನು ಸಹಿ. ನೆಂಟರು ಕಂತು ನಿಲ್ಲಿಸಿದರು, ಜಾಮೀನುದಾರನ ವರದಿಗೂ ಮಸಿ ಹತ್ತಿತು. ಇದಕ್ಕೆ ಅರ್ಜಿಯಿಂದ ಪರಿಹಾರವಿಲ್ಲ. ಸಾಲ ತೀರಬೇಕು.

ಕೆಲವರ ವರದಿಯಲ್ಲಿ ಕಂಡುಕೇಳರಿಯದ ಕಂಪನಿಯ ಹೆಸರು ಇರುವುದುಂಟು. ಬ್ಯಾಂಕುಗಳು ಕೆಟ್ಟ ಸಾಲಗಳನ್ನು ಆಸ್ತಿ ಪುನರ್ರಚನಾ ಕಂಪನಿಗಳಿಗೆ ಮಾರುತ್ತವೆ. ಆಮೇಲೆ ವಸೂಲಿಗೆ ಬರುವವರು ಆ ಕಂಪನಿಯ ಕಡೆಯವರು. ಇಂಥವರು ಮನೆ ಬಾಗಿಲಿಗೆ ಬಂದರೆ ಕೈಯಲ್ಲಿ ದುಡ್ಡು ಕೊಡಬೇಡಿ. ಸಾಲ ಮಾರಿದ್ದು ನಿಜವೇ ಎಂದು ಮೊದಲು ನಿಮ್ಮ ಹಳೆಯ ಬ್ಯಾಂಕಿನಿಂದ ಬರಹದಲ್ಲಿ ತಿಳಿದು, ಕಂಪನಿಯ ಖಾತೆಗೇ ಕಟ್ಟಿ, ಬೇಬಾಕಿ ಪತ್ರ ಅವರಿಂದಲೇ ಪಡೆಯಬೇಕು. ಸಾಲ ಕೈ ಬದಲಾದ ಮೇಲೆ ಹಳೆಯ ಬ್ಯಾಂಕಿನ ಬೇಬಾಕಿ ಪತ್ರ ಸಾಲದು.

ಅರ್ಜಿ ಹೇಗೆ?

ಮೊದಲು ವರದಿ ಕೈಗೆ ಬರಲಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕೆಂಬ ನಿಯಮ 2017ರಿಂದ ಇದೆ. ಮೊಬೈಲು ಬಲ್ಲ ಮಗನೋ ಮಗಳೋ ಇದ್ದರೆ ಹತ್ತು ನಿಮಿಷದ ಕೆಲಸ. ತಿಂಗಳ ಚಂದಾ ಕಟ್ಟಿಸುವ ಆಮಿಷ ನಡುವೆ ಬರುತ್ತದೆ. ಅದನ್ನು ದಾಟಿ ಪುಕ್ಕಟೆಯದನ್ನೇ ಒತ್ತಬೇಕು. ಹೆಂಗಸರ ವರದಿಯನ್ನೂ ತೆಗೆಸಿ. ಮೈಕ್ರೋ ಫೈನಾನ್ಸಿನ ವಾರದ ಕಂತುಗಳೂ ಈ ಲೆಕ್ಕಕ್ಕೆ ಬರುತ್ತವೆ.

ಅರ್ಜಿಯಲ್ಲಿ ದೊಡ್ಡ ಪುರಾಣ ಬೇಡ. "ನನ್ನ ಇಂಥ ನಂಬರಿನ ಸಾಲ ಇಂಥ ತಾರೀಖು ತೀರಿದೆ. ವರದಿಯಲ್ಲಿ ಇಷ್ಟು ಬಾಕಿ ಎಂದು ತಪ್ಪಾಗಿ ಬಂದಿದೆ. ತಿದ್ದಿ ತಿಳಿಸಿ" ಎಂದರೆ ಸಾಕು. ಜೊತೆಗೆ ಕಟ್ಟಿದ ರಸೀದಿ, ಪಾಸ್‌ಬುಕ್ ಪುಟ, ಬೇಬಾಕಿ ಪತ್ರಗಳ ನಕಲು. ಎರಡು ಪ್ರತಿ ಮಾಡಿ, ಒಂದರ ಮೇಲೆ ಬ್ಯಾಂಕಿನ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ನೋಡೋಣ ಬಿಡಿ’ ಎಂಬ ಬಾಯಿಮಾತಿಗೆ ತಾರೀಖು ಇರುವುದಿಲ್ಲ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಚೀಟಿ ಇಟ್ಟುಕೊಳ್ಳಿ. ಅದೇ ದೂರನ್ನು ಸಿಬಿಲ್ ಕಂಪನಿಗೂ ನೇರವಾಗಿ ಕೊಡಬಹುದು, ಶುಲ್ಕವಿಲ್ಲ.

ತಾರೀಖು ಏಕೆ ಮುಖ್ಯವೆಂದರೆ, ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗಬೇಕು. ಆಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ ಕೊಡಬೇಕು. 2023ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಈ ಆದೇಶ 2024ರ ಏಪ್ರಿಲಿನಲ್ಲಿ ಜಾರಿಗೆ ಬಂತು. ಮೇಲಿನ ನಮ್ಮವರು ಅರ್ಜಿಯ ಕೊನೆಗೆ ಈ ಮಾತನ್ನು ಒಂದೇ ಸಾಲಿನಲ್ಲಿ ಬರೆದಿದ್ದರು. ಶಾಖೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿದರಂತೆ! 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಅದಕ್ಕೂ ಖರ್ಚಿಲ್ಲ, ವಕೀಲರೂ ಬೇಕಿಲ್ಲ. ವಿಚಾರಿಸಲು 14448ಕ್ಕೆ ಫೋನು ಮಾಡಿ.

‘ಸಿಬಿಲ್ ಕ್ಲೀನ್ ಮಾಡಿಕೊಡ್ತೀವಿ’ ಎಂದು ಐದು ಸಾವಿರ, ಹತ್ತು ಸಾವಿರ ಕೇಳುವ ಏಜೆಂಟರು ಪೇಟೆಯಲ್ಲಿ ಸಿಗುತ್ತಾರೆ. ತಪ್ಪಿದ್ದರೆ ನಿಮ್ಮ ಅರ್ಜಿಗೇ ಹೋಗುತ್ತದೆ. ನಿಜವಾದ ಬಾಕಿ ಇದ್ದರೆ ಅವರಪ್ಪನಿಂದಲೂ ಆಗುವುದಿಲ್ಲ. ಇವರ ಕೈಗೆ ಆಧಾರ್, ಓಟಿಪಿ ಕೊಟ್ಟರೆ ಇನ್ನೊಂದು ಹೊಸ ಸಾಲ ನಿಮ್ಮ ಹೆಸರಿಗೆ ಬಂದರೂ ಆಶ್ಚರ್ಯವಿಲ್ಲ.

ಪಹಣಿಯ 11ನೇ ಕಾಲಂ

ಸಿಬಿಲ್ ಸರಿಯಾದ ಮಾತ್ರಕ್ಕೆ ಪಹಣಿ ಸರಿಯಾಗುವುದಿಲ್ಲ. ಎರಡೂ ಬೇರೆ ಬೇರೆ ಪುಸ್ತಕ. ಸಾಲ ಕೊಡುವಾಗ ಪಹಣಿಯ 11ನೇ ಕಾಲಂನ ಋಣಗಳ ಜಾಗದಲ್ಲಿ ಬ್ಯಾಂಕಿನ ಹೆಸರು ಕೂರಿಸುತ್ತಾರೆ. ತೀರಿದ ಮೇಲೆ ತೆಗೆಸುವ ನೆನಪು ಅವರಿಗೂ ಇರದು, ನಮಗೂ ಇರದು. ಅಣ್ಣತಮ್ಮಂದಿರ ಭಾಗದ ಹೊತ್ತಿಗೆ ಅದು ಎದ್ದು ಕೂರುತ್ತದೆ, ಅಪ್ಪ ಯಾವತ್ತೋ ತೀರಿಸಿದ ಸಾಲಕ್ಕೆ ಮಕ್ಕಳು ಶಾಖೆಗೆ ಅಲೆಯುತ್ತಾರೆ. ಬೇಬಾಕಿ ಪತ್ರ ಕೇಳುವ ದಿನವೇ ಋಣ ಬಿಡುಗಡೆಯನ್ನೂ ಕೇಳಿ. ತಿಂಗಳ ನಂತರ ಹೊಸ ಪಹಣಿ ತೆಗೆಸಿ ಕಾಲಂ ನೋಡಿ, ಇಸಿಯನ್ನೂ ನೋಡಿ. ವೈಯಕ್ತಿಕ ಸಾಲಗಳಲ್ಲಾದರೆ ಬ್ಯಾಂಕಿಗೆ ಕೊಟ್ಟ ಮೂಲ ಕ್ರಯಪತ್ರ, ಪತ್ರಗಳನ್ನು ಸಾಲ ಪೂರ್ತಿ ತೀರಿದ 30 ದಿನದೊಳಗೆ ವಾಪಸು ಕೊಡಬೇಕು, ಋಣವನ್ನೂ ತೆಗೆಸಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕೆಂಬುದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮ.

ಒಂದು ಮಾತು ಬಿಟ್ಟಿದ್ದೆ. ಬ್ಯಾಂಕಿನ ಮಿಷನ್ನಿನಿಂದ ಬರುವ ಚೀಟಿಗಳ ಅಕ್ಷರ ವರ್ಷದೊಳಗೆ ಮಾಸಿಹೋಗುತ್ತದೆ. ಕಟ್ಟಿದ ದಿನವೇ ಜೆರಾಕ್ಸ್ ಮಾಡಿಸಿ ಪಹಣಿ ಜೊತೆ ಇಡಿ.