ನಿಮಗಿದು ಗೊತ್ತೆ? ಬೊಂಬೆಗೆ ಜೀವ ತುಂಬಲು ಫೋನೂ ಸಾಕು

2010ರಲ್ಲಿ ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೊ ಕೇವಲ 9 ಮಿ.ಮೀ. ಎತ್ತರದ ಬೊಂಬೆಯನ್ನು ನಾಯಕಿಯಾಗಿಸಿ ‘ಡಾಟ್’ ಎಂಬ ಸ್ಟಾಪ್ ಮೋಷನ್ ಕಿರುಚಿತ್ರ ತೆಗೆಯಿತು. ಚಿತ್ರೀಕರಣಕ್ಕೆ ಬಳಸಿದ್ದು ನೋಕಿಯಾ ಎನ್8 ಫೋನ್ ಮತ್ತು ಅದಕ್ಕೆ ಜೋಡಿಸಿದ ಸೂಕ್ಷ್ಮದರ್ಶಕ!

ಬೊಂಬೆಯನ್ನು ತುಸು ತುಸುವೇ ಸರಿಸಿ ಒಂದೊಂದೇ ಫೋಟೊ ತೆಗೆಯುವುದು ಈ ಕಲೆಯ ಗುಟ್ಟು. ಸೆಕೆಂಡಿಗೆ 12 ಫೋಟೊ ಎಂದರೂ ಒಂದು ನಿಮಿಷದ ಚಿತ್ರಕ್ಕೆ 720 ಬೇಕು.

ಕ್ಯಾಮೆರಾ: ಫುಲ್ ಎಚ್‌ಡಿ ಚಿತ್ರಕ್ಕೆ ಬೇಕಿರುವುದು ಸುಮಾರು 2 ಮೆಗಾಪಿಕ್ಸೆಲ್ ಅಷ್ಟೆ. ಅದಕ್ಕಿಂತ ಮುಖ್ಯವಾದದ್ದು ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್‌ಗಳನ್ನು ನಾವೇ ಹೊಂದಿಸಿ ಲಾಕ್ ಮಾಡುವ ಸೌಲಭ್ಯ. ಆಟೊದಲ್ಲಿ ಬಿಟ್ಟರೆ ಫೋಟೊದಿಂದ ಫೋಟೊಗೆ ಬೆಳಕು ಬದಲಾಗಿ ದೃಶ್ಯ ಮಿಣುಕುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿನ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಪ್ರತಿ ಕ್ಲಿಕ್‌ಗೂ ಕೊಂಚ ಹೆಚ್ಚುಕಡಿಮೆ ಮುಚ್ಚಿಕೊಂಡರೂ ಇದೇ ತೊಂದರೆ. ಆದ್ದರಿಂದಲೇ ಅನಿಮೇಟರ್‌ಗಳು ಕೈಯಿಂದ ಅಪರ್ಚರ್ ತಿರುಗಿಸುವ ಹಳೆಯ ಲೆನ್ಸ್‌ಗಳನ್ನು ಮೆಚ್ಚುತ್ತಾರೆ. ಉದಾಹರಣೆಗೆ, 2005ರ ಸ್ಟಾಪ್ ಮೋಷನ್ ಚಿತ್ರ ‘ಕಾರ್ಪ್ಸ್ ಬ್ರೈಡ್’ನಲ್ಲಿ ಕ್ಯಾನನ್ ಕ್ಯಾಮೆರಾಗಳಿಗೆ ನಿಕಾನ್ ಲೆನ್ಸ್ ಜೋಡಿಸಲಾಗಿತ್ತು.

ಸಾಫ್ಟ್‌ವೇರ್: ‘ಆನಿಯನ್ ಸ್ಕಿನ್’ ಸೌಲಭ್ಯ ಇದೆಯೇ ಎಂದು ಮೊದಲು ನೋಡಿ. ಹಿಂದಿನ ಫೋಟೊ ಪರದೆಯ ಮೇಲೆ ಮಸುಕಾಗಿ ಕಾಣುವುದರಿಂದ ಬೊಂಬೆಯ ಕೈ ಎಷ್ಟು ಸರಿದಿದೆ ಎಂದು ತಿಳಿಯುತ್ತದೆ. ದೊಡ್ಡ ಸ್ಟುಡಿಯೊಗಳ ನೆಚ್ಚಿನ ಸಾಫ್ಟ್‌ವೇರ್ ಡ್ರ್ಯಾಗನ್‌ಫ್ರೇಮ್. ಮನೆಯಲ್ಲಿ ಕಲಿಯುವವರಿಗೆ ಫೋನಿನ ‘ಸ್ಟಾಪ್ ಮೋಷನ್ ಸ್ಟುಡಿಯೊ’ ಆ್ಯಪ್ ಸಾಕು.

ನೆನಪಿಡಿ: ಹಣ ಉಳಿದರೆ ಮೊದಲು ಗಟ್ಟಿಯಾದ ಟ್ರೈಪಾಡ್ ಕೊಳ್ಳಿ. ಕಿಟಕಿಗೆ ಪರದೆ ಎಳೆದು ಬಲ್ಬಿನ ಬೆಳಕಿನಲ್ಲೇ ಚಿತ್ರೀಕರಿಸಿ. ಬಿಸಿಲು ಗಳಿಗೆಗೊಮ್ಮೆ ಬದಲಾಗುತ್ತದೆ.