ಉಳ್ಳವರ ಗಳಿಕೆ ಮತ್ತು ಬಡವರ ಅಕ್ಕಿ

ಬಡವರ ಕೂಲಿ ಇಳಿಯದಿದ್ದರೆ ಸಾಕು, ಉಳಿದವರು ಎಷ್ಟು ಗಳಿಸಿದರೂ ಬಡವರಿಗೆ ನಷ್ಟವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಅರ್ಧಸತ್ಯ. ಕೊಳ್ಳುವ ಶಕ್ತಿ ಎಂದರೆ ಕೈಗೆ ಬಂದ ಹಣಕ್ಕೆ ಎಷ್ಟು ಸಾಮಾನು ಸಿಗುತ್ತದೆ ಎಂಬ ಲೆಕ್ಕ. ಅದೇ ಸಾಮಾನಿಗೆ ಹೆಚ್ಚು ಹಣವುಳ್ಳವರೂ ಬಂದು ನಿಂತರೆ ಬೆಲೆ ಏರುತ್ತದೆ. ಕೂಲಿ ಇದ್ದಲ್ಲೇ ಇದ್ದರೂ ಬಡವರ ಚೀಲ ಹಗುರವಾಗುತ್ತದೆ.

1943ರ ಬಂಗಾಳದ ಕ್ಷಾಮ ಇದಕ್ಕೆ ಅತ್ಯಂತ ಕಠೋರ ಸಾಕ್ಷಿ. ಅಕ್ಕಿಯೇ ಇಲ್ಲದೆ ಜನ ಸತ್ತರು ಎಂದೇ ಬಹಳ ಮಂದಿ ಇಂದಿಗೂ ತಿಳಿದಿದ್ದಾರೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಲೆಕ್ಕ ಹಾಕಿದಂತೆ, 1943ರಲ್ಲಿ ಬಂಗಾಳದಲ್ಲಿದ್ದ ಆಹಾರಧಾನ್ಯ ಕ್ಷಾಮವಿಲ್ಲದ 1941ಕ್ಕಿಂತ ಹೆಚ್ಚಾಗಿತ್ತು. ಎರಡನೇ ಮಹಾಯುದ್ಧದ ಖರ್ಚಿನಿಂದ ಕಲ್ಕತ್ತೆಗೆ ಹಣ ಹರಿದು ಬಂತು. ಅಲ್ಲಿನ ಕಾರ್ಖಾನೆ ಕಾರ್ಮಿಕರಿಗೂ ಸರ್ಕಾರಿ ನೌಕರರಿಗೂ ರಿಯಾಯಿತಿ ದರದಲ್ಲಿ ಅಕ್ಕಿ ಸಿಕ್ಕಿತು. 1942ರ ಕೊನೆಗೆ ಮಣಕ್ಕೆ 13–14 ರೂಪಾಯಿಯಿದ್ದ ಅಕ್ಕಿಯ ಸಗಟು ದರ ಮರುವರ್ಷದ ಮೇ ಹೊತ್ತಿಗೆ 30 ದಾಟಿತು. ಹಳ್ಳಿಯ ಕೃಷಿ ಕೂಲಿಕಾರರು, ಮೀನುಗಾರರು, ಕುಶಲಕರ್ಮಿಗಳ ದುಡಿಮೆಯ ಬೆಲೆ ಆ ವೇಗದಲ್ಲಿ ಏರಲಿಲ್ಲ. ಚಂಡಮಾರುತ, ಭತ್ತದ ರೋಗ, ದಾಸ್ತಾನುಕೋರರ ಆಟ, ಆಳುವವರ ಉದಾಸೀನ ಎಲ್ಲವೂ ಅದಕ್ಕೆ ಸೇರಿಕೊಂಡವು. ಬೆಳೆನಷ್ಟ ಎಷ್ಟಿತ್ತು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ವಾದವಿದೆ. ಸಾವಿಗೆ ಹೆಚ್ಚಾಗಿ ತುತ್ತಾದವರು ಹಳ್ಳಿಗಾಡಿನ ಬಡವರು ಎಂಬುದರ ಬಗ್ಗೆ ವಾದವಿಲ್ಲ. ಸೇನ್ ಅವರ ಅಂದಾಜಿನಲ್ಲಿ ಸತ್ತವರು ಸುಮಾರು 30 ಲಕ್ಷ. ಕೂಲಿ ಕಡಿತವಾಗದೆಯೂ ಮನುಷ್ಯರು ಹಸಿವಿನಿಂದ ಸಾಯಬಲ್ಲರು ಎಂಬುದನ್ನು ಅರ್ಥಶಾಸ್ತ್ರ ಮರೆಯಬಾರದು.

ಬೆಲೆಯೇರಿಕೆ ಎಲ್ಲರಿಗೂ ಒಂದೇ ಎಂಬುದೂ ತಪ್ಪು. ಭಾರತದ 2022–23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಆಹಾರಕ್ಕೆ ಹೋದ ಪಾಲು ಗ್ರಾಮಗಳಲ್ಲಿ ಶೇ 46, ನಗರಗಳಲ್ಲಿ ಶೇ 39. ಮನೆ ಬಡವಾದಷ್ಟೂ ಈ ಪಾಲು ದೊಡ್ಡದು. ಆದ್ದರಿಂದ ಬೇಳೆ, ಎಣ್ಣೆ, ತರಕಾರಿ ತುಟ್ಟಿಯಾದಾಗ ಸರಾಸರಿ ಹಣದುಬ್ಬರದ ಅಂಕಿ ಬಡವರ ನಿಜವಾದ ನಷ್ಟವನ್ನು ಮುಚ್ಚಿಡುತ್ತದೆ.

ಮೊದಲು ಹೇಳಿದ ನಂಬಿಕೆಗೆ ತದ್ವಿರುದ್ಧವಾದ ನಂಬಿಕೆಯೂ ನಿಲ್ಲುವುದಿಲ್ಲ. ಅಸಮಾನತೆ ಹೆಚ್ಚಿದಾಗಲೆಲ್ಲ ಬಡವರು ಇನ್ನಷ್ಟು ಬಡವರಾಗುತ್ತಾರೆ ಎನ್ನುವುದಾದರೆ, 1978ರ ಆರ್ಥಿಕ ಸುಧಾರಣೆಗಳ ನಂತರದ ಚೀನಾ ಅದಕ್ಕೆ ಉತ್ತರ: ಅಲ್ಲಿ ಅಂತರ ಹಿಗ್ಗಿತು, ಜೊತೆಗೇ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು. ಬಡವರ ಗಳಿಕೆ ಆಹಾರದ ಬೆಲೆಗಿಂತ ವೇಗವಾಗಿ ಏರಿತೇ ಎಂಬುದೇ ನಿರ್ಣಾಯಕ.

ಕೊನೆಯದಾಗಿ, ಬಡವರ ಕೈಗೆ ಹಣ ಕೊಡುವುದೂ ಧಾನ್ಯ ಕೊಡುವುದೂ ಒಂದೇ ಎಂಬ ಭಾವನೆಯೂ ಸರಿಯಲ್ಲ. 2023ರ ಜುಲೈನಿಂದ ಬಡವರಿಗೆ ಉಚಿತ ಅಕ್ಕಿ ನೀಡುವ ಕರ್ನಾಟಕದ ಅನ್ನಭಾಗ್ಯ ಯೋಜನೆಯಲ್ಲಿ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು, ಕೆ.ಜಿ.ಗೆ 34 ರೂಪಾಯಿಯಂತೆ ಒಬ್ಬರಿಗೆ ತಿಂಗಳಿಗೆ 170 ರೂಪಾಯಿ ಕೊಡಲಾಯಿತು. ಅಂಗಡಿಯ ಅಕ್ಕಿ ಅದಕ್ಕಿಂತ ದುಬಾರಿಯಾದರೆ ಆ ಹಣಕ್ಕೆ ಐದು ಕೆ.ಜಿ. ಬರುವುದಿಲ್ಲ. ಧಾನ್ಯವನ್ನೇ ಕೊಟ್ಟರೆ ಬೆಲೆ ಎಷ್ಟೇ ಏರಲಿ, ತೂಕ ತಗ್ಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಹಣ ಬಿಟ್ಟು ಮತ್ತೆ ಅಕ್ಕಿಗೆ ಮರಳಿತು.